ದುಬಲಗುಂಡಿ ಬಸ್ಸಿನ ಹವಾಲ್ದಾರರು

ನಿನ್ನೆ ಬಸವಕಲ್ಯಾಣದ ಕೋಟೆ ರಸ್ತೆಯಲ್ಲಿ ಒಬ್ಬಾಕೆ ಕಾದ ಉಸುಕಿನಲ್ಲಿ ಶೇಂಗಾ ಹುರಿಯುತ್ತಿದ್ದಳು. ಆ ವಾಸನೆ ಮೂಗಿಗೆ ಬಂದದ್ದೇ ತಡ, ಹುಮನಾಬಾದಿನ ಬಸ್ ಸ್ಟ್ಯಾಂಡು ಕಣ್ಣ ಮುಂದೆ ಬಂತು. ಕಟ್ಟೆಯ ಮೇಲೆ ಹವಾಲ್ದಾರರು, ಶೇಂಗಾ ಸುಲಿಯುತ್ತಾ…

ತೊಂಬತ್ತರ ದಶಕದ ಕೊನೆಯ ಮಾತು. ನಾನು ಅಲ್ಲಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ ಹಾಗೆಯೇ ಹುಡುಗಿಯರಿಗೂ ವರ್ಬ್ಸ್ ಬಾಯಿಪಾಠ ಮಾಡಿಸುತ್ತಿದ್ದೆ: ಬೀಟ್, ಬೀಟ್, ಬೀಟನ್. ಬೀಟ್ ಅಂದರೆ ಹೊಡೆ. ಅದೇ ವರ್ಷ ನಮ್ಮ ಓಣಿಗೆ ಈ ಹವಾಲ್ದಾರರನ್ನು ಹಾಕಿದರು. ಮನೆಮನೆಗೆ ಬಂದು ಪರಿಚಯ ಮಾಡಿಕೊಳ್ಳುವುದು, ಜನರನ್ನು ಜೊತೆಗಿಟ್ಟುಕೊಂಡು ಓಣಿ ಕಾಯುವುದು ಅವರ ಡ್ಯೂಟಿ; ಪೊಲೀಸರ ಮಾತಿನಲ್ಲಿ ಅದಕ್ಕೆ ಬೀಟ್. "ನಾ ನಿಮ್ಮ ಬೀಟ್ ಪೊಲೀಸ್ ರೀ" ಎಂದು ಅವರು ಬಾಗಿಲು ತಟ್ಟಿದರೆ, ನನ್ನ ವಿದ್ಯಾರ್ಥಿನಿಯರು ಒಳಗಿನಿಂದ ತಾಯಂದಿರಿಗೆ ಅರ್ಥ ಹೇಳಿದರು: ಹೊಡೆಯುವ ಪೊಲೀಸ್! ಬಾಗಿಲುಗಳು ಮುಚ್ಚಿಕೊಂಡವು.

ಕೊನೆಗೆ ಅವರು ನನ್ನ ಮನೆಗೇ ಬಂದರು.

"ಟೀಚರಮ್ಮಾ, ಏನ್ ಕಲಸಾಕತ್ತೀರಿ ಹುಡುಗ್ಯಾರಿಗೆ? ಒಬ್ಬ ಮುದುಕಿ ನನ್ನ ನೋಡಿ ತನ್ನ ಗಂಡನ್ನ ಬಚ್ಚಲದಾಗ ಅಡಗಿಸ್ಯಾಳ."

"ಗ್ರಾಮರ್ ರೀ" ಎಂದೆ.

"ನಿಮ್ಮ ಗ್ರಾಮರ್ ಹಿಂಗ ನಡೀತಂದ್ರ ಈ ಓಣ್ಯಾಗ ನಂಗ ನೀರ್ ಕೊಡೋರೂ ಇರಂಗಿಲ್ಲ."

ನಗುತ್ತಾ ಚಹಾ ಕೊಟ್ಟೆ. ಹಾಗೆ ಶುರುವಾಯಿತು ಪರಿಚಯ.

ದುಬಲಗುಂಡಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಒಂದು ದಿನ ಸ್ಟಾಫ್ ರೂಮಿನಲ್ಲಿ ಅತ್ತಳು. ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂರುತ್ತಿದ್ದ ಕೆಲವು ಹುಡುಗರು ದಿನಾ ಅವಳ ಹಾದಿ ಅಡ್ಡಗಟ್ಟುತ್ತಿದ್ದರು. "ಪೊಲೀಸರಿಗೆ ನನ್ನ ಹೆಸರ ಹೇಳಬ್ಯಾಡ್ರಿ ಮೇಡಂ. ಊರಾಗ ಗೊತ್ತಾದ್ರ ನಮ್ಮಪ್ಪ ಸಾಲಿ ಬಿಡಸ್ತಾನ." ಸುಳ್ಳು ಹೆದರಿಕೆಯಲ್ಲ. ಅವಳ ಅಕ್ಕನ ಓದು ಹಾಗೆಯೇ ನಿಂತಿತ್ತು.

ಹೇಳಲೋ ಬೇಡವೋ ಎಂದು ತಡವರಿಸುತ್ತಾ ಹವಾಲ್ದಾರರ ಮುಂದೆ ಕಟ್ಟೆಯ ಹುಡುಗರ ವಿಷಯ ತೆಗೆದೆ. ಹುಡುಗಿಯ ಮಾತು ಬಂದಾಗ ಅವರು ಕೈ ಎತ್ತಿ ತಡೆದರು.

"ಕೂಸಿನ ಹೆಸರ ನಂಗ ಬ್ಯಾಡ್ರಿ. ಬಸ್ ಯಾವುದು, ಅಷ್ಟ ಹೇಳ್ರಿ."

ಮರುದಿನದಿಂದ ದುಬಲಗುಂಡಿ ಬಸ್ಸು ಬರುವ ಹೊತ್ತಿಗೆ ಅದೇ ಕಟ್ಟೆಯ ಮೇಲೆ, ಆ ಹುಡುಗರ ನಟ್ಟನಡುವೆ, ಹವಾಲ್ದಾರರು ಹಾಜರ್. ಬೈಯಲಿಲ್ಲ, ಲಾಠಿ ಎತ್ತಲಿಲ್ಲ. ಶೇಂಗಾದ ಪೊಟ್ಟಣ ಮುಂದೆ ಹಿಡಿದು, "ತಿನ್ನೋ ತಮ್ಮಾ. ನಿಮ್ಮಪ್ಪ ಹ್ಯಾಂಗಿದ್ದಾನ? ಸಂಜಿಗೆ ಮನಿ ಕಡೆ ಬರತೀನಂತ ಹೇಳು" ಅನ್ನುತ್ತಿದ್ದರು. ಆ ಶೇಂಗಾ ಯಾರ ಗಂಟಲಲ್ಲಿ ಇಳಿದೀತು? ಒಬ್ಬೊಬ್ಬನಾಗಿ ಕಟ್ಟೆ ಖಾಲಿ ಮಾಡಿದರು. ಸ್ಟ್ಯಾಂಡಿನಲ್ಲಿ ಹೂ ಮಾರುವಾಕೆಗೆ, "ನಾ ಇಲ್ಲದಾಗ ನೀನ ಬೀಟ್, ಅಕ್ಕಾ" ಎಂದರು.

"ನಾ ಖರೇನ ಹೊಡೀತೀನ್ರಿ ಮತ್ತ" ಎಂದಳಂತೆ ಆಕೆ.

ಬಸ್ಸಿಳಿದ ಹುಡುಗಿಯರಿಗೆಲ್ಲ ಹವಾಲ್ದಾರರದು ಒಂದೇ ಪ್ರಶ್ನೆ: "ಬೀಟ್, ಬೀಟ್, ಬೀಟನ್ ಬಂತೇನವ್ವಾ?" ಎಲ್ಲರೂ ನಗುತ್ತಿದ್ದರು. ಆ ನಗುವವರಲ್ಲಿ ಅತ್ತವಳು ಯಾರೆಂದು ಅವರು ಹುಡುಕಲೇ ಇಲ್ಲ. ನಿಧಾನವಾಗಿ ಓಣಿಯ ಬಾಗಿಲುಗಳೂ ತೆರೆದವು.

ಹವಾಲ್ದಾರರು ರಿಟೈರ್ ಆದ ಮೇಲೆ ಒಮ್ಮೆ, ನಾನೀಗ ಇರುವ ಬಸವಕಲ್ಯಾಣದ ಸಂತೆಯಲ್ಲಿ ಸಿಕ್ಕಿದ್ದರು. "ದುಬಲಗುಂಡಿ ಬಸ್ಸಿನ ಕೂಸು ಓದಿ ಮುಗಸಿತೇನ್ರಿ?"

"ನರ್ಸ್ ಆಗ್ಯಾಳ್ರಿ."

"ಬರಾಬರ್" ಎಂದು ತಲೆಯಾಡಿಸಿ, ಮೆಂತ್ಯ ಸೊಪ್ಪಿನ ಕಡೆ ತಿರುಗಿದರು. ಹೆಸರು ಆಗಲೂ ಕೇಳಲಿಲ್ಲ.

ಅವರು ತೀರಿಕೊಂಡ ಸುದ್ದಿಯನ್ನು ನಾನೇ ಅವಳಿಗೆ ಫೋನಿನಲ್ಲಿ ತಿಳಿಸಿದೆ. "ಅವರ ಬಗ್ಗೆ ಬರದ್ರ ಈಗರೆ ನನ್ನ ಹೆಸರ ಹಾಕ್ರಿ ಮೇಡಂ, ಇನ್ನೇನ್ ಹೆದರಿಕಿ" ಎಂದಳು.

ನಿನ್ನೆ ಆ ಶೇಂಗಾ ಕಟ್ಟಿಸಿಕೊಂಡು ಬಂದು, ಸುಲಿಯುತ್ತಾ ಇದನ್ನು ಬರೆಯಲು ಕೂತೆ. ಹೆಸರು ಬರೆಯಬಹುದಿತ್ತು… ಪೆನ್ನು ಅಲ್ಲಿಗೆ ಬಂದಾಗ ಮಾತ್ರ, ಹವಾಲ್ದಾರರು ಮತ್ತೆ ಕೈ ಎತ್ತಿದ ಹಾಗಾಯಿತು.