ಮನೆಯವರಿಟ್ಟ ಹೆಸರಿನ ಗುಳಿಗೆ

ಹೋಳಿಗೆ ತಟ್ಟುತ್ತಿದ್ದ ವೈನಿಯ ಕೈ ಇದ್ದಕ್ಕಿದ್ದಂತೆ ನಡುಗತೊಡಗಿತು. (ವೈನಿ ಅಂದರೆ ಅಣ್ಣನ ಹೆಂಡತಿ. ಧಾರವಾಡ ಬಿಟ್ಟು ಮರಾಠಿ ನಾಡಿನ ಖರಾಡಿಯ ಫ್ಲ್ಯಾಟಿಗೆ ಬಂದರೂ ನಾವು ಆ ಪದ ಬಿಟ್ಟಿಲ್ಲ.)

“ಸಣ್ಣಾಕಿ ಆಗ್ತೀನಿ ಅಂತ ಊಟ ಬಿಟ್ರ ಇನ್ನೇನಾಗ್ತದ? ಒಂದ್ ಹೋಳಿಗಿ ತಿನ್ನು, ಎಲ್ಲಾ ನೆಟ್ಟಗಾಗ್ತದ,” ಎಂದಳು ಅವ್ವ. ನಾವೆಲ್ಲ ನಕ್ಕೆವು.

ನಗು ಮುಗಿಯುವಷ್ಟರಲ್ಲಿ ವೈನಿ ನೆಲದ ಮೇಲಿದ್ದರು. ಮೈ ಕೆಂಡ. ಬೆವರಿಗೆ ಸೀರೆ ತೊಯ್ದಿತ್ತು. ಕಾಲುಗಳು ತಾವಾಗಿಯೇ ಅದುರುತ್ತಿದ್ದವು. ಈಗ ಹೂರಣದ ವಾಸನೆ ಬಂದರೆ ನನಗೆ ಆ ಕಾಲುಗಳೇ ಕಾಣುತ್ತವೆ.

ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಡಾಕ್ಟರು ಮರಾಠಿಯಲ್ಲಿ ಕೇಳಿದ ಮೊದಲ ಪ್ರಶ್ನೆ: ಯಾವ ಯಾವ ಗುಳಿಗೆ ತೆಗೆದುಕೊಳ್ಳುತ್ತಿದ್ದಾರೆ?

ಹಸಿವು ಕಡಿಮೆ ಮಾಡುವ ಗುಳಿಗೆ, ಹೋದ ವಾರ ತೂಕ ಇಳಿಸುವ ಕ್ಲಿನಿಕ್ಕಿನವರು ಬರೆದುಕೊಟ್ಟಿದ್ದು, ಎಂದ ಅಣ್ಣ.

“ಅಜೂನ್ ಕಾಹೀ?” ಮತ್ತೇನಾದರೂ?

“ವಿಟಮಿನ್ ಫಕ್ತ್.” ವಿಟಮಿನ್ ಅಷ್ಟೇ.

ಹಲ್ಲು ಕಟಕಟ ಎನ್ನುತ್ತಿದ್ದರೂ ವೈನಿ ಅಣ್ಣನ ಅಂಗಿ ಹಿಡಿದು ಜಗ್ಗಿದರು. “ಖರೇ ಹೇಳ್ರೀ... ಸಾಯ್ಲೇನು ನಾ?”

ಅಣ್ಣ ಏನು ಮಾಡಿದ ಗೊತ್ತೇ? ಮೊದಲು ಹಾಸಿಗೆಯ ಸುತ್ತಲಿನ ಪರದೆ ಎಳೆದ. ಆಮೇಲೆ ಡಾಕ್ಟರ ಕಿವಿಯಲ್ಲಿ ಪಿಸುಗುಟ್ಟಿದ: ಅದು ವಿಟಮಿನ್ ಅಲ್ಲ, ಡಿಪ್ರೆಶನ್ ಗುಳಿಗೆ.

ಬಂದುಹೋಗುವವರ ಮುಂದೆ ಮುಜುಗರವೆಂದು ಮನೆಯಲ್ಲಿ ಅದಕ್ಕೆ ವಿಟಮಿನ್ ಎಂದು ನಾಮಕರಣವಾಗಿತ್ತು. ನನಗೂ ಹಾಗೇ ಹೇಳಿದ್ದರು. ಹೇಳಿ ಹೇಳಿ ಆ ಹೆಸರೇ ನಾಲಿಗೆಗೆ ಅಂಟಿತ್ತು. ತೂಕದ ಕ್ಲಿನಿಕ್ಕಿನಲ್ಲಿ ಕೇಳಿದಾಗಲೂ ವೈನಿ ರೂಢಿಯಂತೆ ವಿಟಮಿನ್ ಎಂದೇ ಹೇಳಿ ಬಂದಿದ್ದರು. (ಕ್ಲಿನಿಕ್ಕಿನವರೋ, ಹಳೆಯ ಚೀಟಿ ತೋರಿಸಿ ಎನ್ನುವ ಗೋಜಿಗೇ ಹೋಗಿರಲಿಲ್ಲ. ಸೊಂಟ ಅಳೆಯುವುದರಲ್ಲಿ ಬಿಜಿ.)

ಈ ಎರಡು ಗುಳಿಗೆ ಒಟ್ಟಿಗೆ ಹೊಟ್ಟೆ ಸೇರಬಾರದಿತ್ತು ಎಂದರು ಡಾಕ್ಟರು. ಆಮೇಲಷ್ಟೇ ಅವರಿಗೆ ಏನು ಮಾಡಬೇಕೆಂದು ತಿಳಿದದ್ದು. ವೈನಿ ಉಳಿದರು.

ಬೊಜ್ಜಿನ ಬಗ್ಗೆ ಎಲ್ಲರೂ ಬಾಯಿ ಹಾಕಬಹುದು. ಲಿಫ್ಟಿನಲ್ಲಿ ಸಿಕ್ಕವರೂ ಕೇಳುತ್ತಾರೆ, “ಭಾಳ ಊದೀರಲ್ರೀ!” ಮನಸ್ಸಿನ ಬೇನೆಗೆ ಮಾತ್ರ ಸುಳ್ಳು ಹೆಸರು ಬೇಕು. ನಾವಿಟ್ಟ ಹೆಸರು ಕೇಳಿಕೊಂಡು ಗುಳಿಗೆ ತನ್ನ ಗುಣ ಬದಲಿಸುತ್ತದೆಯೇ?

ನಿನ್ನೆ ವೈನಿ ಮನೆಗೆ ಬಂದರು. ಅವರು ಮಲಗಿದ್ದ ಮಂಚದ ಮೇಲೆಯೇ ಕೂತು ಅವ್ವ ಫೋನಿನಲ್ಲಿ ಬೆಳಗಾವಿಯ ತನ್ನ ತಂಗಿಗೆ, ನಮ್ಮ ಮೌಶಿಗೆ, ಹೇಳುತ್ತಿದ್ದಳು: “ಏನಿಲ್ಲವಾ, ಬಿಸಿಲು ಬಡದಿತ್ತು.”

ವೈನಿ ಗೋಡೆಯ ಕಡೆ ಹೊರಳಿದರು.

ಮುಂದಿನ ಸಲ ಡಾಕ್ಟರು ಬಿಸಿಲಿಗೆ ಔಷಧ ಕೊಡಬೇಕೇ?