ಶ್ರಾವಣದಲ್ಲಿ ನೋಡಿದ ಮನೆ

"ಒಳಗ ಹೋದ ಮ್ಯಾಲ ನೀರು ಕೊಟ್ರ ಕುಡೀಬ್ಯಾಡ್ರಿ ಅಕ್ಕಾರ. ಯಾವೂರು ಅಂತ ಕೇಳಿದ್ರ ಕೊಪ್ಪಳ ಅಂದ್ಬಿಡ್ರಿ. ಬಾಕಿದ್ದು ನಾ ಮಾತಾಡ್ತೀನಿ."

ಗಾಡಿಗೆ ಸ್ಟ್ಯಾಂಡ್ ಹಾಕುತ್ತಲೇ ಏಜೆಂಟ್ ನಮಗೆ ಹೀಗೆ ತಾಕೀತು ಮಾಡಿದ. ಮನೆ ನೋಡಲು ಬಂದವರು ನಾವು ಮೂವರು: ನಾನು, ನಮ್ಮ ಮನೆಯವರು, ಏಳು ವರ್ಷದ ಮಗಳು. ಕೊಪ್ಪಳದ ಅಂಚಿನಲ್ಲಿ, ಗಿಣಿಗೇರಾ ಕಡೆಗೆ ಮುಖ ಮಾಡಿದ ಒಂದು ಹೊಸ ಬಡಾವಣೆ. ನಾನು ಸರ್ಕಾರಿ ಶಾಲೆಯ ಟೀಚರು, ಇಡೀ ದಿನ ಮಕ್ಕಳಿಗೆ ಇದು ಮಾಡಬೇಡ ಅದು ಮಾಡಬೇಡ ಎಂದು ಹೇಳುವವಳು. ನನಗೇ ಒಬ್ಬ ಹೀಗೆ ಹೇಳಿದಾಗ ಮೈ ಉರಿಯಿತು.

ಆದರೆ ಅವನ ಮಾತಿನ ಹಿಂದೆ ಲೆಕ್ಕಾಚಾರವಿತ್ತು. ನಮ್ಮ ಕಡೆ ಬಂದವರಿಗೆ ನೀರು ಕೊಡುವುದು, ಊರು ಕೇಳುವುದು ಬೇರೆ ಬೇರೆ ಕೆಲಸವಲ್ಲ. ಚೊಂಬು ಕೈಗೆ ಬಂದರೆ "ಯಾವೂರು?" ಊರು ಹೇಳಿದರೆ "ಯಾರ ಪೈಕಿ?" ಅದನ್ನೂ ಹೇಳಿದರೆ ಒಬ್ಬಳಲ್ಲ ಒಬ್ಬಳು ಅತ್ತೆಯೋ ಚಿಕ್ಕಮ್ಮನೋ ನಡುವೆ ಸಿಕ್ಕೇ ಸಿಗುತ್ತಾಳೆ. ಯಲಬುರ್ಗಾ, ಕುಷ್ಟಗಿ, ಗಂಗಾವತಿ, ಕೊಪ್ಪಳ ಇಷ್ಟರೊಳಗೇ ಹೆಣ್ಣು ಕೊಟ್ಟು ತಂದವರು ನಾವು. ಮಾರುವವರಿಗೂ ಕೊಳ್ಳುವವರಿಗೂ ನೆಂಟಸ್ತನ ಹೊರಟರೆ ಏಜೆಂಟ್ ಹೊರಗೆ, ಅವನ ಕಮಿಷನ್ನೂ ಹೊರಗೆ. ಹಿಂದೆ ಒಂದೆರಡು ಸಲ ಹಾಗೆ ಆಗಿ ಅವನು ಬುದ್ಧಿ ಕಲಿತಿದ್ದನಂತೆ. "ಬೀಗರಾಗಿಬಿಟ್ರು, ನಾ ಬೀದಿಗೆ ಬಂದೆ" ಎಂದು ಅವನೇ ಹೇಳಿಕೊಂಡು ನಕ್ಕ.

ನಮಗೆ ಮನೆ ಬೇಕಾಗಿದ್ದದ್ದು ಮಗಳ ಎದೆಗಾಗಿ. ಮನೆಯವರು ಗಿಣಿಗೇರಾದ ಹತ್ತಿರ ಒಂದು ಕಾರ್ಖಾನೆಯಲ್ಲಿ ಪಾಳಿಯ ಕೆಲಸ ಮಾಡುತ್ತಾರೆ. ಮದುವೆಯಾದಾಗಿನಿಂದ ನಮ್ಮದು ಅಲ್ಲಿಯೇ ಬಾಡಿಗೆ ಮನೆ. ಬೆಳಿಗ್ಗೆ ಅಂಗಳ ಗುಡಿಸಿದರೆ ಮಧ್ಯಾಹ್ನದ ಹೊತ್ತಿಗೆ ಮತ್ತೆ ಕರಿ ಹುಡಿ. ಬಿಳಿ ಬಟ್ಟೆಯನ್ನು ಮಾಳಿಗೆಯ ಮೇಲೆ ಒಣ ಹಾಕುವುದನ್ನು ನಾನು ಎಂದೋ ಬಿಟ್ಟಿದ್ದೆ. ಅನ್ನ ಕೊಡುವ ಧೂಳು ಎಂದು ಸುಮ್ಮನೆ ಇದ್ದೆವು. ಮಗಳಿಗೆ ದಮ್ಮು ಶುರುವಾದ ಮೇಲೆ ಸುಮ್ಮನಿರುವುದು ಆಗಲಿಲ್ಲ. ಅವಳು ಮಲಗಿದರೆ ಎದೆಯಲ್ಲಿ ಸಿಳ್ಳೆಯಂಥ ಸದ್ದು. ಕುಂಟೆಬಿಲ್ಲೆಯಲ್ಲಿ ಅವಳ ಸರದಿಯನ್ನೂ ಗೆಳತಿಯರೇ ಆಡುತ್ತಿದ್ದರೆ ಇವಳು ಗೋಡೆಗೆ ಕೈ ಕೊಟ್ಟು ನಿಂತಿರುತ್ತಿದ್ದಳು. ಕೊಪ್ಪಳದ ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ. "ಔಷಧ ನಾ ಕೊಡ್ತೀನಿ, ಗಾಳಿ ನೀವು ಬದಲ್ ಮಾಡ್ರಿ" ಎಂದರು.

ಗಾಳಿ ಬದಲು ಮಾಡಲು ಹೊರಟ ಮೇಲೆ ಏಜೆಂಟರ ಲೋಕ ನಮಗೆ ತೆರೆಯಿತು. ಮೊದಲು ಹೋದದ್ದು ಗಂಗಾವತಿಗೆ. ಕಾಲುವೆ, ಕಣ್ಣಿಗೆ ತಂಪಾದ ಗದ್ದೆ, ಮರಳಿ ಎಂಬ ಊರಿನ ಕಡೆಯ ದಾರಿ. ಅಲ್ಲಿನ ಏಜೆಂಟ್ ನಮ್ಮನ್ನು ಎಷ್ಟು ಓಣಿ ತಿರುಗಿಸಿ ಕರೆದೊಯ್ದ ಎಂದರೆ, ಮರುದಿನ ನಾವೇ ಬರುತ್ತೇವೆಂದರೂ ಆ ಮನೆ ನಮಗೆ ಸಿಗುತ್ತಿರಲಿಲ್ಲ. ಅದೇ ಅವನಿಗೆ ಬೇಕಾಗಿದ್ದದ್ದು. ಮನೆಯ ಹಿಂದೆ ಎತ್ತರದ ಚಿಮಣಿ ಕಂಡು, "ಅದು ರೈಸ್ ಮಿಲ್ ಅಲ್ರಿ?" ಎಂದೆ.

"ಹೌದ್ರಿ. ಸೀಜನ್ನದಾಗ ಅಷ್ಟ ನಡೀತೈತಿ."

"ಸೀಜನ್ ಯಾವಾಗ?"

"ವರ್ಷಕ್ಕ ಎರಡು ಬೆಳಿ ಅಲ್ರಿ ಇಲ್ಲಿ" ಎಂದ ಅವನು, ಹೆಮ್ಮೆಯಿಂದ. ಅಲ್ಲಿಗೆ ಆ ಮನೆಯ ಕತೆ ಮುಗಿಯಿತು. ಕಾರಟಗಿಯಲ್ಲಿ ಇನ್ನೂ ಛಲೋ ಮನೆ ತೋರಿಸುತ್ತೇನೆ ಎಂದ. ಅಲ್ಲಿ ಮಿಲ್ಲುಗಳು ಇನ್ನೂ ಹೆಚ್ಚು ಎಂಬುದು ನನಗೆ ಗೊತ್ತಿಲ್ಲ ಎಂದುಕೊಂಡಿದ್ದನೋ ಏನೋ.

ಕೊಪ್ಪಳದಲ್ಲಿ ಒಬ್ಬ ನಮ್ಮನ್ನು ನೇರವಾಗಿ ಒಂದು ಮನೆಯ ನಡುಮನೆಗೇ ನುಗ್ಗಿಸಿದ. ಅಲ್ಲಿ ಊಟಕ್ಕೆ ಕೂತಿದ್ದ ಯಜಮಾನರು ಕೈಯಲ್ಲಿದ್ದ ರೊಟ್ಟಿ ತುತ್ತನ್ನು ಹಾಗೆಯೇ ಹಿಡಿದು, "ಈ ಮನಿ ಮಾರ್ತೀವಂತ ಯಾರು ಹೇಳಿದ್ರಪಾ ನಿನಗ?" ಎಂದರು. ನಾನು ನಾಚಿಕೆಯಿಂದ ನೆಲ ನೋಡಿದೆ. ಏಜೆಂಟನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಇವತ್ತಲ್ಲ ನಾಳೆ ಮಾರೂದ ಐತಲ್ರಿ ಯಜಮಾನ್ರ, ನೋಡಿ ಇಟ್ಟಿರ್ಲಿ ಅಂತ" ಎಂದ.

ಏಜೆಂಟರಲ್ಲಿ ಒಬ್ಬನ ಕೈಯಲ್ಲಿ ಮನೆ ಇದ್ದರೆ ಕೀಲಿ ಮತ್ತೊಬ್ಬನ ಕೈಯಲ್ಲಿ, ಮಾಲಕರ ಪರಿಚಯ ಮಗದೊಬ್ಬನಿಗೆ. ದಾರಿಯಲ್ಲಿ ಒಂದೊಂದೇ ಗಾಡಿ ಕೂಡಿಕೊಂಡು, ನಾವು ಮನೆ ಮುಟ್ಟುವ ಹೊತ್ತಿಗೆ ಹೆಣ್ಣು ನೋಡಲು ಹೊರಟವರ ದಂಡಿನಂತೆ ಕಾಣುತ್ತಿದ್ದೆವು. ಎಲ್ಲರೂ ಹೇಳುವುದು ಒಂದೇ ಮಾತು: ಪೂರ್ವದ ಬಾಗಿಲು, ಸಂಜಿಗೆ ಇನ್ನೊಂದು ಪಾರ್ಟಿ ಬರತೈತಿ. ನಮ್ಮ ಜನ ಮನೆ ಕೊಳ್ಳುವಾಗ ಬಾಗಿಲ ದಿಕ್ಕು ಕೇಳುತ್ತಾರೆ, ಗಾಳಿಯ ದಿಕ್ಕು ಯಾರೂ ಕೇಳುವುದಿಲ್ಲ. ನಾನು ಧೂಳಿನ ಮಾತು ತೆಗೆದರೆ ಸಾಕು, "ಟೀಚರ್ರ, ಧೂಳು ಎಲ್ಲಿಲ್ರಿ?" ಎಂದು ನನ್ನನ್ನೇ ಸಣ್ಣ ಮಕ್ಕಳಂತೆ ಸಮಾಧಾನ ಮಾಡುತ್ತಿದ್ದರು. ಆಗೆಲ್ಲ ಅಳು ಬರುವಷ್ಟು ಸಿಟ್ಟು ಬರುತ್ತಿತ್ತು. ಮನೆಗೆ ಬಂದು ಆ ಸಿಟ್ಟನ್ನು ಪಾತ್ರೆಗಳ ಮೇಲೆ ತೀರಿಸುತ್ತಿದ್ದೆ.

ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಮನೆ ನೋಡುವುದಿರಲಿ, ಮನೆಯ ಮಾತನ್ನೂ ಎತ್ತಬಾರದು ಎಂದು ನಮ್ಮ ಅತ್ತೆ ಊರಿನಿಂದ ಫೋನು ಮಾಡಿದರು. ಎಲ್ಲರ ಮನೆಯಲ್ಲೂ ಒಬ್ಬ ಅತ್ತೆ ಇರುತ್ತಾರೆ. ಹೀಗಾಗಿ ಜಿಲ್ಲೆಯ ಜನವೆಲ್ಲ ಆ ತಿಂಗಳು ಕೈ ಕಟ್ಟಿ ಕೂತು, ಶ್ರಾವಣ ಹುಟ್ಟಿದ ಕೂಡಲೇ ಒಮ್ಮೆಲೇ ಹೊರಬೀಳುತ್ತಾರೆ. ಏಜೆಂಟರಿಗೆ ಅದೇ ಸುಗ್ಗಿ. ನಾವೂ ಹಾಗೆಯೇ ಹೊರಬಿದ್ದು, ಈ ನೀರು ಕುಡಿಯಬೇಡಿ ಎನ್ನುವವನ ಕೈಗೆ ಸಿಕ್ಕೆವು.

ಸುಳ್ಳು ಹೇಳಬಾರದು, ಮನೆ ಛಲೋ ಇತ್ತು. ಗೋಡೆಯ ಸುಣ್ಣ ಬೆಳ್ಳಗೆ ಇತ್ತು. ಕಟ್ಟೆಯ ತುಳಸಿ ತೊಳೆದಂತೆ ಹಸಿರಾಗಿತ್ತು. ನಮ್ಮ ಮನೆಯವರು ಕಿಟಕಿಯ ಸರಳಿನ ಮೇಲೆ ಬೆರಳೆಳೆದು, ನನಗೆ ತೋರಿಸಿದರು. ಬೆರಳಿಗೆ ಏನೂ ಹತ್ತಿರಲಿಲ್ಲ. ಪಶ್ಚಿಮದಿಂದ ಮಳೆಗಾಲದ ತಂಪು ಗಾಳಿ ಬೀಸುತ್ತಿತ್ತು. ಮಗಳು ಮಾಳಿಗೆಯ ಮೆಟ್ಟಿಲು ಹತ್ತಿ ಓಡಿದಳು, ಮತ್ತೆ ಇಳಿದಳು. ನನ್ನ ಕಿವಿ ಅವಳ ಉಸಿರಿನ ಮೇಲೆಯೇ ಇತ್ತು. ಸಿಳ್ಳೆ ಇರಲಿಲ್ಲ. ಇದೇ ಮನೆ ಎಂದು ನನ್ನ ಮನಸ್ಸು ಆಗಲೇ ಕುಂಕುಮ ಹಚ್ಚಿಬಿಟ್ಟಿತು.

ಮನೆಯ ಮಾಲಕ ಕೊಪ್ಪಳದಲ್ಲಿ ಸಣ್ಣ ಕಿರಾಣಿ ಅಂಗಡಿ ಇಟ್ಟವರು. ತಮ್ಮ ಮನೆಯಲ್ಲಿ ತಾವೇ ಬಾಡಿಗೆಯವರಂತೆ ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ನಮ್ಮ ಮನೆಯವರು ಅವರನ್ನು, "ಈ ಕಡೆ ಧೂಳು ಬರತೈತೇನ್ರಿ?" ಎಂದು ಕೇಳಿದರೆ ಏಜೆಂಟ್ ಅಡ್ಡ ಬಾಯಿ ಹಾಕಿ, "ಇಲ್ಲಿ ಧೂಳಿನ ಸುದ್ದೀನ ಇಲ್ರಿ. ನೀವ ಬೆರಳಾಡಿಸಿ ನೋಡಿದ್ರಲ್ಲ?" ಎಂದ. ಮಾಲಕರು ಕುರ್ಚಿಯನ್ನು ಇನ್ನಷ್ಟು ಮೂಲೆಗೆ ಸರಿಸಿಕೊಂಡರು.

ಆಗ ಒಳಗಿನಿಂದ ಅವರ ಹೆಂಡತಿ ನೀರಿನ ಚೊಂಬು ಹಿಡಿದು ಬಂದಳು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬೇಕು. ಏಜೆಂಟ್ ನನ್ನ ಕಡೆ ಕಣ್ಣು ಬಿಟ್ಟ. ನಾನು ಕೈ ಚಾಚಲಿಲ್ಲ. ಆದರೆ ಮಗಳಿಗೆ ಯಾರೂ ಏನೂ ಹೇಳಿರಲಿಲ್ಲವಲ್ಲ. ಮೆಟ್ಟಿಲು ಹತ್ತಿಳಿದು ಬಾಯಾರಿದವಳು ಚೊಂಬು ಇಸಿದುಕೊಂಡು ಗಟಗಟ ಕುಡಿದಳು. ಆ ಹೆಂಗಸು ಅವಳ ತಲೆ ಸವರಿ, ನನ್ನನ್ನು ನೋಡಿ ಕೇಳಿದಳು, "ಯಾವೂರ್ರಿ ನಿಮ್ದು?"

"ಅವರು ಇಲ್ಲೇ ಕೊಪ್ಪಳದವ್ರು" ಎಂದ ಏಜೆಂಟ್.

ನನ್ನ ಊರು ಯಾವುದೆಂದು ಹೇಳಲೂ ಇವನೇ ಬೇಕೆ ಅನಿಸಿತು. ಮಗಳ ಕೈಯಿಂದ ಚೊಂಬು ತೆಗೆದುಕೊಂಡು ನಾನೂ ಕುಡಿದೆ. ಯಲಬುರ್ಗಾ ತಾಲೂಕಿನ ನನ್ನ ತವರೂರಿನ ಹೆಸರು ಹೇಳಿದೆ.

ಅವಳ ಮುಖ ಅರಳಿತು. ಅವಳ ತವರು ನಮ್ಮೂರಿನ ಪಕ್ಕದ ಹಳ್ಳಿ. "ನಮ್ಮ ಸಣ್ಣವ್ವನ್ನ ನಿಮ್ಮೂರಿಗೇ ಕೊಟ್ಟಾರ, ಅಗಸಿ ಮಗ್ಗಲದ ಮನಿ" ಎಂದಳು. ಊರಬಾಗಿಲ ಪಕ್ಕದ ಆ ಮನೆಯ ಅಂಗಳದಲ್ಲಿ ಆಡಿ ಬೆಳೆದವಳು ನಾನು. ಅವಳ ಸಣ್ಣವ್ವನಿಗೆ ನಾನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ. ಏಜೆಂಟ್ ಮೊಬೈಲ್ ತೆಗೆದು ಯಾರಿಗೋ ಫೋನು ಮಾಡುವವನಂತೆ ಹೊರಗೆ ಹೋದ.

"ತವರಿನ ಕಡೆಯಾಕಿ, ಹಂಗ ಹೋಗಬಾರ್ದು. ಒಳಗ ಬಾ ಅಕ್ಕಾ, ಕುಂಕುಮ ಹಚ್ಕೊಂಡು ಹೋಗು" ಎಂದು ನನ್ನ ಕೈ ಹಿಡಿದು ಅಡುಗೆಮನೆಗೆ ಕರೆದೊಯ್ದಳು. ಅಷ್ಟರಲ್ಲೇ ಬಹುವಚನ ಹೋಗಿ ಅಕ್ಕನಾಗಿದ್ದೆ. ಕುಂಕುಮ ಹಚ್ಚುತ್ತ ಈಗ ಎಲ್ಲಿದ್ದೀರಿ ಎಂದಳು, ಗಿಣಿಗೇರಾ ಎಂದೆ. ಕುಪ್ಪಸದ ಖಣ ಹುಡುಕುತ್ತ ಕೇಳಿದಳು, "ಗಿಣಿಗೇರಾ ಬಿಟ್ಟು ಯಾಕ ಬರ್ತೀರಿ?"

"ಮಗಳಿಗೆ ದಮ್ಮು ಐತಿ" ಎಂದೆ.

ಅವಳು ಕೈಗೆ ಸಿಕ್ಕ ಖಣವನ್ನು ಮಡಚಿದಳು, ಮತ್ತೆ ಬಿಚ್ಚಿದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು, "ಈ ಮನಿ ತೊಗೋಬ್ಯಾಡಕ್ಕಾ. ಈಗ ಗಾಳಿ ಪಡುವಣದಿಂದ ಐತಿ, ಅದಕ್ಕ ಹಿಂಗ ಕಾಣ್ತೈತಿ. ದೀಪಾವಳಿ ಹೊತ್ತಿಗೆ ಮೂಡಗಾಳಿ ತಿರುಗಿತಂದ್ರ ಆ ಕರಿ ಹುಡಿ ಎಲ್ಲಾ ಇಲ್ಲೇ. ಶಿವರಾತ್ರಿ ಮಟ ಕಿಟಕಿ ತೆಗ್ಯಾಕ ಬರಂಗಿಲ್ಲ. ನನ್ನ ಮಗನಿಗೂ ಇದಾ ರೋಗ. ನಮ್ಮವ್ವನ ಹಂತ್ಯಾಕ ಬಿಟ್ಟೀನಿ. ಈ ಮನಿ ಮಾರಿ ಹೋದ್ರ ಬ್ಯಾರೆ ಕಡೆ ತೊಗೊಂಡು ಅವನ್ನ ಕರಕೊಂಡು ಬರೂದೈತಿ."

ಗೋಡೆಯ ಮೇಲೆ ಆ ಹುಡುಗನ ಫೋಟೋ ಇತ್ತು. ನನ್ನ ಮಗಳ ವಯಸ್ಸೇ. ಅವಳು ಖಣ, ಅಕ್ಕಿ ಹಾಕಿ ಉಡಿ ತುಂಬಿದಳು, ನನ್ನ ಫೋನ್ ನಂಬರು ತೆಗೆದುಕೊಂಡಳು. "ನಮ್ಮ ಮನ್ಯಾಗಿನವ್ರಿಗೆ ನಾ ಹೇಳಿದೆ ಅನ್ಬ್ಯಾಡ" ಎಂದಳು. ಹೊರಗೆ ಬಂದು ನಾನು ಮನೆಯವರಿಗೆ, ಅಡುಗೆಮನೆ ಇಕ್ಕಟ್ಟಾಯಿತು, ಬೇಡ ಎಂದೆ. ನಾಳೆಯೇ ಮುಂಗಡ ಕೊಡುವ ಉಮೇದಿನಲ್ಲಿದ್ದ ಅವರು ನನ್ನನ್ನು ಮಿಕಿಮಿಕಿ ನೋಡಿದರು.

ಏಜೆಂಟ್ ಮಾತ್ರ, ನೆಂಟರಿಬ್ಬರೂ ಕೂಡಿ ತನ್ನನ್ನು ಬಿಟ್ಟು ವ್ಯವಹಾರ ಮಾಡುತ್ತಾರೆಂದೇ ನಂಬಿದ. ಗಾಡಿ ಹತ್ತುವವರೆಗೂ ಗೊಣಗಿದ. ಆಮೇಲೆ ಆ ಮನೆಗೆ ಅವನು ಯಾರನ್ನೂ ಕರೆತರಲಿಲ್ಲವಂತೆ, ಬೇರೆ ಏಜೆಂಟರಿಗೂ ಹೋಗಬೇಡಿ ಎಂದನಂತೆ. ಇದು ನನಗೆ ತಿಳಿದದ್ದು ಯುಗಾದಿಗೆ ಅವಳು ಫೋನು ಮಾಡಿದಾಗ. ಚಳಿಗಾಲದಲ್ಲಿ ತಾವಾಗಿಯೇ ಬಂದ ಕೆಲವರು ಅಂಗಳ ನೋಡಿ ಮೂಗು ಮುಚ್ಚಿಕೊಂಡು ತಿರುಗಿದ್ದರು. ಅವಳು ಅದನ್ನು ಅತ್ತುಕೊಂಡೇನೂ ಹೇಳಲಿಲ್ಲ. ರವಿವಾರ ರವಿವಾರ ಬಸ್ಸಿಗೆ ಹೋಗಿ ಮಗನನ್ನು ನೋಡಿ ಬರುತ್ತೇನೆ, ಬರುವಾಗ ಅವನು ಮುಖ ತಿರುಗಿಸಿಕೊಂಡು ಕೂರುತ್ತಾನೆ ಎಂದಳು.

ಅಷ್ಟರಲ್ಲಿ ನಮ್ಮದು ಆಗಿಹೋಗಿತ್ತು. ನಮ್ಮ ಶಾಲೆಯ ಇನ್ನೊಬ್ಬ ಟೀಚರ ಮಾವನವರ ಮನೆ ಯಲಬುರ್ಗಾದಲ್ಲಿ ಮಾರಾಟಕ್ಕಿತ್ತು. ನಡುವೆ ಯಾವ ಏಜೆಂಟೂ ಇರಲಿಲ್ಲ. ದೀಪಾವಳಿಗೆ ಮೊದಲು ಒಮ್ಮೆ, ಸಂಕ್ರಾಂತಿಯ ಹೊತ್ತಿಗೆ ಒಮ್ಮೆ ಹೋಗಿ ನೋಡಿ ಬಂದೆ. ಬಾಗಿಲು ದಕ್ಷಿಣಕ್ಕಿದೆ ಎಂದು ಅತ್ತೆ ಇವತ್ತಿಗೂ ತಕರಾರು ಮಾಡುತ್ತಾರೆ. ನನಗೆ ಶಾಲೆ ದೂರವಾಯಿತು. ಮನೆಯವರು ದಿನಾ ಬಸ್ಸಿನಲ್ಲಿ ಕಾರ್ಖಾನೆಗೆ ಹೋಗಿ ಬಂದು ಸುಸ್ತಾಗುತ್ತಾರೆ. ಮಗಳ ದಮ್ಮು ಪೂರ್ತಿ ಹೋಗಿಲ್ಲ, ಆದರೆ ಈಗ ಕುಂಟೆಬಿಲ್ಲೆಯಲ್ಲಿ ಅವಳ ಸರದಿ ಬಂದರೆ ಅವಳೇ ಆಡುತ್ತಾಳೆ.

ಮುಂದಿನ ಶ್ರಾವಣ ಮುಗಿಯುವ ಹೊತ್ತಿಗೆ ಮತ್ತೆ ಅವಳ ಫೋನು ಬಂತು.

"ಅಕ್ಕಾ, ಮನಿ ಹೋತು. ಕುಷ್ಟಗ್ಯಾಗ ಮನಿ ಮಾಡೀವಿ. ಮಗನ್ನ ಕರಕೊಂಡು ಬಂದೆ."

ನನ್ನ ಎದೆಯ ಮೇಲಿನ ಭಾರ ಇಳಿದಂತಾಯಿತು. ಖುಷಿಯಿಂದ ಏನೇನೋ ಮಾತಾಡಿದೆ. ಆಮೇಲೆ, ಯಾರು ತೆಗೆದುಕೊಂಡರು ಎಂದು ಕೇಳಿದೆ.

"ಗಂಡ ಹೆಂಡ್ತಿ ಇಬ್ರೂ ನೌಕರಿಯವ್ರು. ಬಳ್ಳಾರಿ ಕಡೆಯಿಂದ ಬಂದಾರಂತ. ಬಗಲಾಗ ಕೂಸಿತ್ತು."

"ಅವರಿಗೆ ಹೇಳಿದಿ?"

ಆ ಕಡೆ ಹುಡುಗ ಯಾರನ್ನೋ ಕೂಗಿ ನಗುತ್ತಿರುವುದು ಕೇಳುತ್ತಿತ್ತು.

"ನಿನಗ ಹೇಳಿದೆ" ಎಂದಳು ಕೊನೆಗೆ. "ನಿನಗ ಹೇಳಿದ್ದಕ್ಕ ನನ್ನ ಮಗ ಇನ್ನೊಂದು ವರ್ಷ ನನ್ನ ಬಿಟ್ಟು ಇದ್ದ. ಮತ್ತೊಮ್ಮಿ ನನ್ನ ಕೈಲೆ ಆಗಲಿಲ್ಲಕ್ಕಾ."

ಸರಿ ಮಾಡಿದೆ ಎನ್ನಲು ನನಗೆ ಬಾಯಿ ಬರಲಿಲ್ಲ. ತಪ್ಪು ಎನ್ನುವ ಹಕ್ಕು ಲೋಕದಲ್ಲಿ ಯಾರಿಗಿದ್ದರೂ ನನಗಿರಲಿಲ್ಲ. ಹುಡುಗನನ್ನು ಯಾವ ಶಾಲೆಗೆ ಹಾಕಿದ್ದೀರಿ ಎಂದು ಕೇಳಿದೆ.