ಮರಿಲಿಂಗ ಬಿಟ್ಟ ಹೋರಿ

ನನ್ನ ಫೋನಿನಲ್ಲಿ ಒಂದು ಹೋರಿಕರು ಇದೆ. ಬೆಳಿಗ್ಗೆ ತೆರೆದರೆ ನನ್ನ ಬಾಗಿಲ ಮುಂದೆ ನಿಂತಿರುತ್ತದೆ. ಮೇವು ಹಾಕಿದರೆ ತಿಂದು, ಬಾಲ ಆಡಿಸಿ, ಮುಂದಿನ ಮನೆಗೆ, ಅಂದರೆ ಇನ್ಯಾರದೋ ಫೋನಿಗೆ, ಹೋಗುತ್ತದೆ. ಹಾಕದಿದ್ದರೆ ಅಲ್ಲೇ ಕುಳಿತು ನನ್ನತ್ತ ನೋಡುತ್ತದೆ. ಆಟ ಅಷ್ಟೇ. ಅದನ್ನು ಮಾಡಿದವನು ನನ್ನ ಗೆಳೆಯ ಮರಿಲಿಂಗ. ಅವನು ತೀರಿಕೊಂಡ ಮೇಲೆ ಒಂದು ಮಳೆಗಾಲ ಕಳೆದಿದೆ. ಹೋರಿ ಇನ್ನೂ ತಿರುಗುತ್ತಿದೆ.

ನಾವಿಬ್ಬರೂ ಸುರಪುರದ ಶಾಲೆಯಲ್ಲಿ ಒಂದೇ ಬೆಂಚಿನವರು. ನಾನು ಭೀಮರಾಯನಗುಡಿಯಲ್ಲಿ ಗ್ರಂಥಾಲಯದ ಕೆಲಸಕ್ಕೆ ಸೇರಿದೆ. ಬೋನಾಳದ ಮರಿಲಿಂಗ ಶಹಾಪುರದ ಬಸ್‌ನಿಲ್ದಾಣದ ಹತ್ತಿರ ಆನ್‌ಲೈನ್ ಅಂಗಡಿ ಇಟ್ಟ. ಪಹಣಿ, ಆದಾಯ ಪತ್ರ, ಪರೀಕ್ಷೆಯ ಅರ್ಜಿ, ಇವೇ ಅವನ ವ್ಯಾಪಾರ. ಯಂತ್ರದ ಮೇಲೆ ಬೆರಳಿನ ಗೆರೆ ಮೂಡದೆ ಯಾವನಾದರೂ ಮುದುಕ ಪೇಚಾಡುತ್ತಿದ್ದರೆ ಮರಿಲಿಂಗನಿಗೆ ಖುಷಿ.

"ಯಜ್ಜಾ, ಗೆರಿ ಎಲ್ಲಾ ತೊಗರಿ ಹೊಲದಾಗ ಬಿಟ್ಟು ಬಂದೀರೇನ್ರಿ?"

"ಹೌದಪಾ, ನೀನs ಹೋಗಿ ಹುಡಿಕ್ಯಾಡ್ಕೊಂಡು ಬಾ. ನಾ ಇಲ್ಲೇ ಫ್ಯಾನ್ ಗಾಳಿಗಿ ಕುಂತಿರತೇನಿ."

ಹೀಗೆ ನಗುತ್ತಿದ್ದವನಿಗೆ ಎರಡೂ ಮೂತ್ರಪಿಂಡಗಳು ಕೆಟ್ಟವು. ದಿನ ಬಿಟ್ಟು ದಿನ ಯಾದಗಿರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕಾಯಿತು. ಹೋದ ದಿನ ಅಂಗಡಿ ಮುಚ್ಚುತ್ತಿತ್ತು. ಮರುದಿನ ತೆರೆದರೂ ಕೂರುವ ತ್ರಾಣ ಇರುತ್ತಿರಲಿಲ್ಲ. ಗಿರಾಕಿಗಳು ಬೇರೆ ಅಂಗಡಿ ನೋಡಿಕೊಂಡರು. ಮನೆಯಲ್ಲಿ ಅವ್ವ ಮಾನಮ್ಮ, ಹೆಂಡತಿ ಭಾಗ್ಯ. ದುಡಿಮೆ ಅವನೊಬ್ಬನದೇ.

ಒಂದು ದಿನ ಯಾದಗಿರಿಯಿಂದ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡು ಹೇಳಿದ: "ಸಂಗ್ಯಾ, ನಾ ಹಾಸಿಗ್ಯಾಗ ಬಿದ್ದಾಗೂ ದುಡಿಯೋದು ಒಂದು ಬೇಕೋ. ಇಲ್ಲಂದ್ರ ಹೊಟ್ಟಿ ಸಲುವಾಗಿ ನಾ ದಿನಾ ಅಂಗಡಿ ತೆಗೀಬೇಕು, ಯಾದಗಿರಿ ತಪ್ಪಿಸಬೇಕು. ಯಾದಗಿರಿ ತಪ್ಪಿತು ಅಂದ್ರ ನಾ ಹೋದೆ."

ಆ ದುಡಿಯುವುದೇ ಹೋರಿ. ವಿಡಿಯೊ ನೋಡಿ ನೋಡಿ ಆಟ ಬರೆಯುವುದನ್ನು ಕಲಿತ. ಫೋನಿನೊಳಗೆ ಪ್ರಾಣಿ ಸಾಕುವ ಬೇರೆ ಆಟಗಳನ್ನೆಲ್ಲ ಆಡಿ ನೋಡಿದ. ಬೆಕ್ಕು ಅಳುತ್ತದೆ, ನಾಯಿ ಸೊರಗುತ್ತದೆ, ಕಾಸು ಕೊಟ್ಟರೆ ಎದ್ದು ಕುಣಿಯುತ್ತದೆ. ಇವನಿಗೆ ಗೊತ್ತಿದ್ದ ಪ್ರಾಣಿ ಬೇರೆ. ಬೋನಾಳದಲ್ಲಿ ದೇವರಿಗೆ ಬಿಟ್ಟ ಹೋರಿ ಇತ್ತು. ಅದಕ್ಕೆ ಗೂಟವಿಲ್ಲ, ಒಡೆಯನಿಲ್ಲ. ಯಾರ ಬಾಗಿಲಿಗೆ ಬಂದರೆ ಅವರು ಮೇವು ಹಾಕಬೇಕು. ಅದನ್ನೇ ಆಟವಾಗಿ ಮಾಡಿದ.

ಪಕ್ಕದ ಮೊಬೈಲ್ ರಿಪೇರಿ ಅಂಗಡಿಯ ಖಾಜಾಹುಸೇನ ನೋಡಿ ತಲೆ ಬಡಿದುಕೊಂಡ.

"ಏ ಮರಿಲಿಂಗಣ್ಣಾ, ಮುಫತ್ ತಿಂದು ಮುಂದಿನ ಮನಿಗಿ ಹೋದ್ರ ನಿನ್ನ ಕೈಯಾಗ ಏನು ಬರ್ತದ? ಸೆಗಣಿ? ಮೇವಿಗಿ ರೇಟ್ ಹಚ್ಚು. ಹಾಕಲಿಲ್ಲಂದ್ರ ಸಾಯಬೇಕು. ಹುಡುಗರು ಅಳಬೇಕು, ಅವರಪ್ಪಗೋಳು ರೊಕ್ಕ ಕೊಡಬೇಕು."

ಮರಿಲಿಂಗ ರೇಟ್ ಹಚ್ಚಿಯೂ ನೋಡಿದ. ಮೊದಲು ಅವ್ವನ ಕೈಗೆ ಕೊಟ್ಟ. ಹೋರಿ ಬಂತು, ಬಾಯಿ ತೆರೆಯಿತು, ಪಕ್ಕದಲ್ಲಿ ದರದ ಚೀಟಿ ಮೂಡಿತು. ಅವ್ವ ಫೋನನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಏನು ಕೇಳಾಕತ್ತದಲೇ ಇದು?"

"ರೊಕ್ಕ, ಯವ್ವಾ."

"ದೇವರ ಹೋರಿ ರೊಕ್ಕ ಕೇಳತದ? ಹಂಗಾರ ಇದು ದೇವರದಲ್ಲ, ಸಂತಿ ದಲ್ಲಾಳಿದು. ತಗೋ ನಿಂದು."

ಭಾಗ್ಯ ಬಾಗಿಲ ಮರೆಯಲ್ಲಿ ನಕ್ಕಳು. ಅವನು ದರ ಕಿತ್ತುಹಾಕಿದ. ಆಮೇಲೆ ಉಳಿದ ದಾರಿ ಜಾಹೀರಾತು ಒಂದೇ. ಒಂದು ಜಾಹೀರಾತು ನೋಡಿದರೆ ಒಂದು ಸೂಡು ಮೇವು. ಮೇವು ಹಾಕುವವರು ಕೊಡುವುದು ಏನೂ ಇಲ್ಲ; ಕಂಪನಿ ಇವನಿಗೆ ಕೊಡುತ್ತದೆ. ಅವ್ವನಿಗೂ ಒಪ್ಪಿಗೆಯಾಯಿತು.

ಹೋರಿಯನ್ನು ಬಿಟ್ಟ. ವಡಗೇರಾ, ಸುರಪುರ, ಶಹಾಪುರದ ಮಕ್ಕಳು ಹಿಡಿದರು. ಬಸ್ಸಿನಲ್ಲಿ ಯಾರದೋ ಫೋನಿನಿಂದ ಅದರ ಕೊರಳ ಗಂಟೆ ಕೇಳಿಸಿದಾಗ ಅವನು ನನ್ನ ತೊಡೆ ಗಿಲ್ಲುತ್ತಿದ್ದ. ಗಳಿಕೆ ಒಂದು ಮಿತಿ ಮುಟ್ಟಿದ ಮೇಲೆಯೇ ಕಂಪನಿ ಹಣ ಕಳಿಸುವುದು. ಅದು ಹತ್ತಿರ ಬರುತ್ತಿತ್ತು. ಆ ವೇಳೆಗೆ ಅವನ ಮುಖ ಊದಿತ್ತು. ಕೈಯ ನರ ಸೂಜಿ ಚುಚ್ಚಿ ಚುಚ್ಚಿ ಹಗ್ಗದಂತಾಗಿತ್ತು.

"ಮುಂದಿನ ತಿಂಗಳ ಬರತದ. ಅಲ್ಲೀತನ ತಡೀಲಿ ಇದು" ಎಂದು ತನ್ನ ದೇಹವನ್ನು ಬೇರೆ ಯಾರದೋ ಎಂಬಂತೆ ತೋರಿಸುತ್ತಿದ್ದ.

ಜಾಹೀರಾತನ್ನು ಬೆರಳಿನಿಂದ ಒತ್ತಿದರೆ ಗಳಿಕೆ ಹೆಚ್ಚು ಎಂದು ಅವನೇ ಒಮ್ಮೆ ಮನೆಯಲ್ಲಿ ಹೇಳಿದ್ದ. ಆದರೆ ಅದರಲ್ಲಿರುವ ಸಾಮಾನು ಬೇಕೆನಿಸಿದವರು ಮಾತ್ರ ಒತ್ತಬೇಕು. ಸಹಾಯಕ್ಕೆಂದು ಒತ್ತುವುದು, ಒತ್ತಿಸುವುದು ಕಂಪನಿಯ ಲೆಕ್ಕದಲ್ಲಿ ಮೋಸ. ಅದನ್ನು ಹೇಳಬೇಕೆಂದು ಅವನಿಗೆ ಹೊಳೆದಿರಲಿಲ್ಲ.

ನಮ್ಮ ಕಡೆ ಮನೆಯಲ್ಲಿ ಕಷ್ಟ ಬಂದರೆ ಹೆಣ್ಣುಮಕ್ಕಳು ಉಡಿ ಒಡ್ಡಿ ನಾಲ್ಕು ಮನೆಗೆ ಹೋಗುತ್ತಾರೆ. ಯಾರೂ ಇಲ್ಲ ಅನ್ನುವುದಿಲ್ಲ. ಒಂದು ಸೇರು ಜೋಳವಾದರೂ ಬೀಳುತ್ತದೆ. ಅವ್ವ ಬೋನಾಳದಲ್ಲಿ ಉಡಿ ಒಡ್ಡಿದಳು. ಕೇಳಿದ್ದು ಜೋಳವಲ್ಲ.

"ನಮ್ಮ ಮರಿಲಿಂಗ ದವಾಖಾನ್ಯಾಗ ಅದಾನ. ಹೋರಿಗಿ ಮೇವು ಹಾಕುವಾಗ ಚಿತ್ರ ಬರತದಲ್ಲ, ಅದನ್ನ ಒತ್ತರಿ ಯವ್ವಾ. ನಿಮ್ಮ ಗಂಟು ಏನೂ ಹೋಗಂಗಿಲ್ಲ."

ಊರು ಒತ್ತಿತು. ಹತ್ತಿ ಬಿಡಿಸುವ ಹೆಂಗಸರು ಬುತ್ತಿ ಬಿಚ್ಚುವ ಮೊದಲು ಒತ್ತಿದರು. ಕಟ್ಟೆಯ ಮೇಲಿನ ಗಂಡಸರು ಬೀಡಿ ಸೇದುತ್ತ ಒತ್ತಿದರು. ಫೋನಿಲ್ಲದವರು ಪಕ್ಕದವರ ಫೋನು ಇಸಿದುಕೊಂಡು ಒತ್ತಿದರು.

ಯಾದಗಿರಿಯ ಆಸ್ಪತ್ರೆಯಲ್ಲಿ ನಳಿಕೆ ಚುಚ್ಚಿಸಿಕೊಂಡು ಮಲಗಿದ್ದವನು ಗಳಿಕೆಯ ಗೆರೆ ಏರಿರುವುದನ್ನು ನನಗೆ ತೋರಿಸಿ ಮಗುವಿನಂತೆ ನಕ್ಕ. ಮತ್ತೆ ನೋಡಿದ. ನಗು ನಿಂತಿತು.

"ಇದು ಮಂದಿ ಆಡಿದ್ದಲ್ಲೋ. ಯಾರೋ ಒತ್ತಸಾಕತ್ತಾರ."

ಅವ್ವನಿಗೆ ಫೋನು ಹಚ್ಚಿದ. ಅವನು ಬಾಯಿ ತೆರೆಯುವ ಮೊದಲೇ ಅವಳು ಶುರುಮಾಡಿದಳು: "ಬಂತೇನೋ ಯಪ್ಪಾ? ಒಂದ ಮನಿ ಬಿಟ್ಟಿಲ್ಲ ನಾನು! ಬಾಜೂ ಮನಿ ಬಾಯಿಬಡಕಿ ದುರ್ಗಾದೇವಿ ಸೈತ ಒತ್ಯಾಳ!"

ಅವನು ಕಣ್ಣು ಮುಚ್ಚಿಕೊಂಡ. "ಬಂತವ್ವ. ಭಾಳ ಬಂತು. ಇನ್ನ ಸಾಕು, ಒತ್ತಬ್ಯಾಡರಿ ಅಂತ ಹೇಳು" ಎಂದ.

ತಡವಾಗಿತ್ತು. ನಾವು ಶಹಾಪುರ ಮುಟ್ಟುವಷ್ಟರಲ್ಲಿ ಜಾಹೀರಾತಿನ ಖಾತೆ ಮುಚ್ಚಿದ್ದೇವೆಂಬ ಕಂಪನಿಯ ಸಂದೇಶ ಬಂದಿತ್ತು. ಕೂಡಿದ ಹಣವೂ ಸಿಗುವುದಿಲ್ಲ ಎಂದಿತ್ತು.

ಮೇಲ್ಮನವಿಯನ್ನು ನಾನು ಬರೆದೆ. ಉಡಿ ಒಡ್ಡುವುದು ಎಂದರೇನು ಎಂದು ಇಂಗ್ಲಿಷಿನಲ್ಲಿ ವಿವರಿಸಲು ಕುಳಿತೆ. ಇಷ್ಟು ಪುಸ್ತಕಗಳ ನಡುವೆ ಬದುಕಿದವನಿಗೆ ಅದಕ್ಕೊಂದು ಮಾತು ಸಿಗಲಿಲ್ಲ. ಅವನು ಪಕ್ಕದಲ್ಲಿ ಕುಳಿತು, "ಹೋರಿ ಬಗ್ಗೆ ಬರಿ. ಅವ್ವಗ ಗೊತ್ತಿದ್ದಿಲ್ಲ ಅಂತ ಬರಿ. ಬರದ್ಯಾ?" ಎನ್ನುತ್ತಿದ್ದ. ಉತ್ತರ ಬೇಗ ಬಂತು: ನಿರ್ಧಾರ ಬದಲಾಗುವುದಿಲ್ಲ. ಭಾಗ್ಯಳ ಹೆಸರಿನಲ್ಲಿ ಹೊಸ ಖಾತೆ ತೆರೆಯಲು ನೋಡಿದ. ಅದೇ ಆಟ, ಅದೇ ಮನೆ ಎಂದು ಅದೂ ಹೋಯಿತು. ಖಾಜಾಹುಸೇನ ಆಣೆ ಹಾಕಿ ಬೇಡಿಕೊಂಡ: "ಈಗರ ಮೇವಿಗಿ ರೇಟ್ ಹಚ್ಚಣ್ಣಾ." ಅದನ್ನೂ ಮಾಡಿದ. ಮಕ್ಕಳು ಒಬ್ಬೊಬ್ಬರೇ ಆಟ ಬಿಟ್ಟು ಹೋದರು. ದರವನ್ನು ಮತ್ತೆ ಕಿತ್ತುಹಾಕಿದ.

ಆಮೇಲೆ ಅವನು ದಿನಾ ಅಂಗಡಿ ತೆರೆಯತೊಡಗಿದ. ಯಾದಗಿರಿಗೆ ನಾಳೆ ಹೋಗುತ್ತೇನೆ ಎನ್ನುತ್ತಿದ್ದ. ನಾನು ಬೈದೆ. ಭಾಗ್ಯ ಅತ್ತಳು. ಒಮ್ಮೆ ಖಾಜಾಹುಸೇನ ಶಟರು ಎಳೆದು, ಎತ್ತಿಕೊಂಡು ಹೋಗಿ ಬಸ್ಸಿಗೆ ಕೂರಿಸಿದ. ಮುಂದಿನ ಸಲ ಅವನು ಮತ್ತೆ ತಪ್ಪಿಸಿದ. ಕೊನೆಗೆ ಕುರ್ಚಿಯಲ್ಲೇ ಉಸಿರು ಕಟ್ಟಿತು, ಯಾದಗಿರಿ ಮುಟ್ಟಲಿಲ್ಲ.

ಅದಕ್ಕೂ ಮೊದಲು ನನ್ನಿಂದ ಒಂದು ಮಾತು ತೆಗೆದುಕೊಂಡಿದ್ದ. "ಅವ್ವಗ ಗೊತ್ತಾಗಬಾರದು. ತನ್ನ ಕೈಲೆ ಮಗ ಹೋದ ಅಂತಾಳ. ಅದನ್ನ ಅಕಿ ತಡಕೊಳ್ಳಂಗಿಲ್ಲ." ಖಾತೆ ಮುಚ್ಚಿದ ಮೇಲೆ ಜಾಹೀರಾತಿನ ಜಾಗದಲ್ಲಿ ಖಾಲಿ ಪರದೆ ಬರುತ್ತಿತ್ತು. ಅವನು ಬೋನಾಳದ ಕೆರೆಗೆ ಹೋಗಿ, ದಂಡೆಯಲ್ಲಿ ಕುಳಿತು, ಹಕ್ಕಿಗಳ ಪುಟ್ಟ ವಿಡಿಯೊ ತೆಗೆದು ಅಲ್ಲಿ ಹಾಕಿದ. ಈಗ ಒತ್ತಿದರೆ ಹಕ್ಕಿ ಹಾರುತ್ತದೆ, ಮೇವು ಬೀಳುತ್ತದೆ. ಅವನ ಕೈಯ ಕೊನೆಯ ಕೆಲಸ ಅದು.

ಭಾಗ್ಯಳನ್ನು ಕೇಳಿಯೇ ಇದನ್ನು ಬರೆದಿದ್ದೇನೆ. ಅವ್ವನಿಗೆ ಓದು ಬರುವುದಿಲ್ಲ. ಬೋನಾಳದವರು ಯಾರಾದರೂ ಓದಿದರೆ ಅವಳಿಗೆ ಹೇಳಬೇಡಿ. ನೀವೂ ಕೊರಗಬೇಡಿ. ಹೋರಿ ಬಾಗಿಲಿಗೆ ಬಂತು, ನಿಮಗೆ ತಿಳಿದಂತೆ ಹಾಕಿದಿರಿ.

ಮೊನ್ನೆ ಹೋಗಿದ್ದೆ. ಅವ್ವ ಹೊಸ್ತಿಲ ಮೇಲೆ ಕುಳಿತು ಮಗನ ಫೋನಿನಲ್ಲಿ ಮೇವು ಹಾಕುತ್ತಿದ್ದಳು. ಹಕ್ಕಿಗಳು ನೀರು ಬಿಟ್ಟು ಎದ್ದವು. ಬೆರಳಿನಿಂದ ಗಟ್ಟಿಯಾಗಿ ಒತ್ತಿ, ನನ್ನತ್ತ ನೋಡಿದಳು.

"ಈಗೀಗ ನಮ್ಮ ಕೆರೀನೂ ತೋರಸ್ತಾರ ನೋಡಪಾ ಸಂಗಪ್ಪ. ಕಂಪನಿಯವರು ಇಲ್ಲೀತನ ಬಂದಿದ್ರೇನು?"

"ಹೂಂನವ್ವ" ಎಂದೆ. "ಬಂದಿದ್ರು."

"ಒಂದು ಮಾತು ಹೇಳಬಾರದ? ರೊಟ್ಟಿ ಹಾಕತಿದ್ದೆ" ಎಂದು ಅವಳು ಮತ್ತೆ ಒತ್ತಿದಳು.